ಎಡಗಂಟಿನ ಹದಿನೇಳು

“ಎಡಗಡೆ,” ಎಂದ ಇನ್ಸ್‌ಪೆಕ್ಟರ್.

ಪೇದೆಗೆ ಅರ್ಥವಾಗಲಿಲ್ಲ. ಫೋನಿನ ಪರದೆಯ ಮೇಲೆ ಎರಡು ಬೆರಳಿಟ್ಟು ಚಿತ್ರವನ್ನು ಇನ್ನಷ್ಟು ದೊಡ್ಡದು ಮಾಡಿದ. ಫುಟ್‌ಬಾಲ್ ಮೈದಾನದಲ್ಲಿ ಪ್ರೇಕ್ಷಕರು ಕೂರುವ ಹಳೆಯ ಸ್ಟ್ಯಾಂಡಿನ ಕೆಳಗಿನ ಓಣಿ. ಓಣಿಯ ಬಾಗಿಲಲ್ಲಿ ಕಿತ್ತಳೆ ಬಣ್ಣದ ತೋಳಿಲ್ಲದ ಜಾಕೆಟ್ ತೊಟ್ಟು ನಿಂತ ಒಬ್ಬ ಮನುಷ್ಯ. ಟೋಪಿ ಹುಬ್ಬಿನ ತನಕ ಇಳಿದಿದೆ, ಮುಖ ಅತ್ತ ತಿರುಗಿದೆ. ಬೆನ್ನಿನ ಮೇಲೆ ಹದಿನೇಳು ಎಂಬ ಅಂಕಿ.

“ಏನ್ ಸಾರ್ ಎಡಗಡೆ?”

“ಕಸೆ. ಸೊಂಟದ ಹತ್ರ ಜಾಕೆಟ್ಟಿನ ಕಸೆ ಎಡಗಡೆ ಕಟ್ಟಿದಾನೆ ನೋಡು.”

“ಒಬ್ಬೊಬ್ರು ಒಂದೊಂದು ಕಡೆ ಕಟ್ಕೋತಾರೆ ಸಾರ್. ಇಲ್ಲಾ ಫೋನಲ್ಲಿ ಎಡ ಬಲ ಉಲ್ಟಾ ಆಗಿರುತ್ತೆ. ನನ್ನ ಹೆಂಡ್ತಿ ಸೆಲ್ಫಿ ತೆಗೆದ್ರೆ ನನ್ನ ಗಡಿಯಾರ ಬಲಗೈಗೆ ಹೋಗಿ ಕೂತಿರುತ್ತೆ.”

“ಉಲ್ಟಾ ಆಗಿದ್ರೆ ಹದಿನೇಳೂ ಉಲ್ಟಾ ಕಾಣ್ಬೇಕಿತ್ತಲ್ಲ. ಅಂಕಿ ನೆಟ್ಟಗಿದೆ.”

ಪೇದೆ ತಲೆ ಕೆರೆದುಕೊಂಡ. ನೆಟ್ಟಗಿರುವ ಅಂಕಿಯಿಂದ ಸಾಹೇಬರ ಮುಖ ಯಾಕೆ ಸೊಟ್ಟಗಾಯಿತು ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಕ್ಲಬ್ಬು ಗೆದ್ದ ಮೊಟ್ಟಮೊದಲ ಬೆಳ್ಳಿ ಬಟ್ಟಲು, ನಿನ್ನೆ ಫುಟ್‌ಬಾಲ್ ಪಂದ್ಯದ ವಿರಾಮ ಮುಗಿಯುವ ಹೊತ್ತಿಗೆ, ಓಣಿಯ ಕೊನೆಯ ಕೋಣೆಯಿಂದ ಮಾಯವಾಗಿತ್ತು. ಬೀಗ ಒಡೆದಿರಲಿಲ್ಲ. ಕೀಲಿ ಇದ್ದದ್ದು ಎರಡೇ. ಒಂದು ಕ್ಲಬ್ಬಿನ ಕಾರ್ಯದರ್ಶಿಯ ಹತ್ತಿರ. ಇನ್ನೊಂದು ಓಣಿಯ ಬಾಗಿಲು ಕಾಯುವ ಹದಿನೇಳನೆಯ ನಂಬರಿನ ಜಾಕೆಟ್ಟಿನ ಜೇಬಿನಲ್ಲಿ. ಆ ಜಾಕೆಟ್ಟು ಮೂವತ್ತೊಂದು ಹಂಗಾಮಿನಿಂದ ಒಬ್ಬನದೇ. ಎಲ್ಲರೂ ಅವನನ್ನು ಬಾಗಿಲಜ್ಜ ಎನ್ನುತ್ತಿದ್ದರು.

ಅಜ್ಜ ಹೇಳುತ್ತಿದ್ದದ್ದು ಒಂದೇ ಮಾತು: “ನಾನು ಅಲ್ಲೇ ಇದ್ದೆ, ಎಲ್ಲೂ ಹೋಗ್ಲಿಲ್ಲ.” ಹಾಜರಿ ಪುಸ್ತಕವೂ ಅದನ್ನೇ ಹೇಳುತ್ತಿತ್ತು. ಬೇರೆ ಕೇಸುಗಳಲ್ಲಿ ಹಾಜರಿ ಎಂಬುದು ಮನುಷ್ಯನನ್ನು ಉಳಿಸುತ್ತದೆ. ಇಲ್ಲಿ ಅದೇ ಅವನ ಕುತ್ತಿಗೆಗೆ ಬಂದಿತ್ತು. ಅಲ್ಲೇ ಇದ್ದ, ಕೀಲಿಯೂ ಅವನಲ್ಲೇ ಇತ್ತು ಎಂದ ಮೇಲೆ ಕಳ್ಳನೂ ಅವನೇ ಎಂದು ಕಾರ್ಯದರ್ಶಿಗಳು ನಿನ್ನೆಯೇ ತೀರ್ಪು ಕೊಟ್ಟಾಗಿತ್ತು. ಐದು ಗಂಟೆಗೆ ಪತ್ರಿಕೆಯವರು ಬರುತ್ತಾರೆ, ಅಷ್ಟರೊಳಗೆ ಬಂಧನ ಆಗಿರಲಿ ಎಂದು ಮೇಲಧಿಕಾರಿಯ ಫೋನೂ ಬಂದಿತ್ತು.

ಈಗ ಮೂರೂವರೆ.

“ಈ ಫೋಟೋ ಕೊಟ್ಟೋರು ಯಾರು?”

“ಒಬ್ರು ರಿಟೈರ್ಡ್ ಮೇಷ್ಟ್ರು ಸಾರ್. ಸ್ಟ್ಯಾಂಡ್ ಕೆಡವ್ತಾರಲ್ಲ, ನೆನಪಿಗಿರಲಿ ಅಂತ ಒಂದೊಂದು ಮೆಟ್ಟಿಲಿಗೂ ಒಂದೊಂದು ಫೋಟೋ ತೆಗೆದಿದಾರೆ. ಇದು ಸರಿಯಾಗಿ ವಿರಾಮದಲ್ಲಿ ತೆಗೆದಿದ್ದು.”

ಇನ್ಸ್‌ಪೆಕ್ಟರ್ ಫೋನನ್ನು ತನ್ನ ಜೇಬಿಗೆ ಹಾಕಿಕೊಂಡ. ಎಡಗಂಟು ಎಂದರೆ ಏನೆಂದು ಈ ಪೇದೆಗೆ ಹೇಳಬೇಕಾದರೆ ತನ್ನ ಇಪ್ಪತ್ತನೆಯ ವಯಸ್ಸಿನಿಂದ ಶುರು ಮಾಡಬೇಕಾಗುತ್ತಿತ್ತು. ಅಷ್ಟು ಹೊತ್ತು ಅವನಲ್ಲಿರಲಿಲ್ಲ.

ಓದುವ ಕಾಲದಲ್ಲಿ ಮೂರು ಹಂಗಾಮು ಅವನು ಇದೇ ಮೈದಾನದಲ್ಲಿ ಪಂದ್ಯದ ದಿನಗಳ ಕೆಲಸಕ್ಕೆ ನಿಂತವನು. ನಂಬರು ಅರವತ್ತಮೂರು. ಇನ್ನೂರ ನಲವತ್ತು ಜನ ಅಂಥವರು: ದರ್ಜಿಗಳು, ಟ್ಯೂಷನ್ ಮೇಷ್ಟ್ರುಗಳು, ರಜೆಯಲ್ಲಿರುವ ಕಂಡಕ್ಟರು, ಮಕ್ಕಳನ್ನು ಶಾಲೆಗೆ ಬಿಟ್ಟು ಬಂದ ತಾಯಂದಿರು, ಕಾಲೇಜಿನ ಹುಡುಗರು. ಪಂದ್ಯದ ದಿನ ಬೆಳಗ್ಗೆ ಎಲ್ಲರೂ ಒಂದೇ ಕಿತ್ತಳೆ ಬಣ್ಣ. ಅವರನ್ನೆಲ್ಲ ಕರೆದು, ನಿಲ್ಲಿಸಿ, ಕಾಯುತ್ತಿದ್ದವಳು ಹಾಜರಿ ಅಕ್ಕ.

ಅಲ್ಲಿ ಬದಲಿ ಕಳಿಸುವಂತಿಲ್ಲ ಎಂದು ಕ್ಲಬ್ಬಿನ ನಿಯಮ. ಆದರೆ ದಿನಗೂಲಿಯವರ ಮನೆಯಲ್ಲಿ ಪಂದ್ಯದ ದಿನವೇ ಮಗುವಿಗೆ ಜ್ವರ ಬರುತ್ತದೆ, ಅತ್ತೆ ಜಾರಿ ಬೀಳುತ್ತಾಳೆ. ಹಾಗಾದಾಗ ಅಣ್ಣನ ಜಾಕೆಟ್ಟಿಗೆ ತಮ್ಮ, ಗಂಡನ ಜಾಕೆಟ್ಟಿಗೆ ಹೆಂಡತಿ. ‘ಖಾಲಿ ಬಾಗಿಲಿಗಿಂತ ಬದಲಿ ಮನುಷ್ಯ ಮೇಲು’ ಎಂಬುದು ಅಕ್ಕನ ನಿಯಮ. ನಂಬರಿನವನೇ ಬಂದರೆ ಕಸೆ ಬಲಕ್ಕೆ, ಬದಲಿಯವನು ಬಂದರೆ ಎಡಕ್ಕೆ. ಸ್ಟ್ಯಾಂಡಿನ ತುತ್ತತುದಿಯ ಮೆಟ್ಟಿಲಲ್ಲಿ ದುರ್ಬೀನು ಹಿಡಿದು ಕೂತ ಅಕ್ಕ ಅಷ್ಟು ದೂರದಿಂದಲೇ ಯಾರ ಮೇಲೆ ಒಂದು ಕಣ್ಣು ಹೆಚ್ಚಿಡಬೇಕೆಂದು ತಿಳಿಯುತ್ತಿದ್ದಳು. ಬಲಗಂಟಿಗೂ ಎಡಗಂಟಿಗೂ ಪುಸ್ತಕದಲ್ಲಿ ಬೀಳುತ್ತಿದ್ದದ್ದು ಒಂದೇ ‘ಹಾಜರ್’.

ಅವರ ನಡುವೆ ಅದು ಮಾತಾಗಿಯೇ ಬಳಕೆಗೆ ಬಂದಿತ್ತು. ಮಗುವಿನ ಶಾಲೆಗೆ ಅಪ್ಪನ ಬದಲು ಮಾವ ಹೋದರೆ ‘ಇವತ್ತು ಎಡಗಂಟು ಹೋಗಿದೆ’ ಎಂದು ನಗುತ್ತಿದ್ದರು.

ಹಾಗಾದರೆ ನಿನ್ನೆ ಓಣಿಯ ಬಾಗಿಲಲ್ಲಿ ನಿಂತದ್ದು ಅಜ್ಜ ಅಲ್ಲ.

* * *

ಬಾಗಿಲಜ್ಜನನ್ನು ಟಿಕೆಟ್ ಕೊಡುವ ಕೋಣೆಯಲ್ಲಿ ಬೆಂಚಿನ ಮೇಲೆ ಕೂರಿಸಿದ್ದರು. ಜಾಕೆಟ್ಟನ್ನು ಇನ್ನೂ ತೆಗೆದಿರಲಿಲ್ಲ. ಕಸೆ ಬಲಗಡೆ ಅಚ್ಚುಕಟ್ಟಾಗಿತ್ತು. ಎಪ್ಪತ್ತರ ಮುದುಕ, ಒಂದು ರಾತ್ರಿಯಲ್ಲಿ ಎಂಬತ್ತಾಗಿದ್ದ.

“ಅಜ್ಜ, ವಿರಾಮದಲ್ಲಿ ಎಲ್ಲಿದ್ರಿ?”

“ಬಾಗಿಲಲ್ಲಿ, ಸಾಹೇಬ್ರೇ.”

ಆ ‘ಸಾಹೇಬ್ರೇ’ ಇನ್ಸ್‌ಪೆಕ್ಟರಿಗೆ ಚುಚ್ಚಿತು. ಹಿಂದೆ ಇದೇ ಅಜ್ಜ ಅವನನ್ನು ‘ಲೋ ಕಡ್ಡಿಪೈಲ್ವಾನ್’ ಎಂದು ಕರೆದು ತನ್ನ ಬುತ್ತಿಯಲ್ಲಿ ಅರ್ಧ ಕೊಡುತ್ತಿದ್ದ.

“ಅದಕ್ಕೂ ಮುಂಚೆ?”

“ಬಾಗಿಲಲ್ಲೇ.”

ಇನ್ಸ್‌ಪೆಕ್ಟರ್ ಪಕ್ಕದಲ್ಲಿ ಕೂತ. 

“ಹೋಗ್ಲಿ ಬಿಡಿ. ಮೊದಲ್ನೇ ಗೋಲು ಚೆನ್ನಾಗಿತ್ತಂತೆ. ನಾನು ನೋಡೋಕಾಗ್ಲಿಲ್ಲ.”

ಅಜ್ಜನ ಬೆನ್ನು ತಾನಾಗಿ ನೆಟ್ಟಗಾಯಿತು. “ಚೆನ್ನಾಗಿತ್ತಾ? ಏನ್ ಹೇಳ್ತೀಯ! ಮೂಲೆಯಿಂದ ಚೆಂಡು ತೇಲಿ ಬಂತು ನೋಡು, ಎಲ್ರೂ ಆ ಉದ್ದನೆಯವನನ್ನ ಕಾಯ್ತಾ ನಿಂತ್ರು. ಆ ಕುಳ್ಳ ಇದಾನಲ್ಲ, ಎರಡು ಕಾಲಿಗೂ ಬೇರೆ ಬೇರೆ ಬಣ್ಣದ ಶೂ ಹಾಕ್ಕೊಂಡಿರೋನು, ಅವನು ಎಲ್ಲಿಂದ ಬಂದ ಅಂತಾನೇ ಗೊತ್ತಾಗ್ಲಿಲ್ಲ, ತಲೆ ಕೊಟ್ಟ, ಅಷ್ಟೇ...”

ಮಾತು ಅಲ್ಲೇ ನಿಂತಿತು.

ಓಣಿಯ ಬಾಗಿಲಿಗೆ ಎದುರು ಇರುವುದು ಒಂದು ಸುಣ್ಣದ ಗೋಡೆ. ಅಲ್ಲಿಂದ ಮೈದಾನದ ಒಂದು ಹುಲ್ಲುಕಡ್ಡಿಯೂ ಕಾಣುವುದಿಲ್ಲ. ಮೂವತ್ತೊಂದು ಹಂಗಾಮು ಅಜ್ಜ ಗೋಲುಗಳನ್ನು ಕಿವಿಯಿಂದಲೇ ಲೆಕ್ಕ ಹಾಕಿದವನು. ತಲೆಯ ಮೇಲಿನ ಸ್ಟ್ಯಾಂಡು ಗುಡುಗಿದರೆ ನಮ್ಮದು, ನಿಟ್ಟುಸಿರು ಬಿಟ್ಟರೆ ಅವರದು.

“ರೇಡಿಯೋದಲ್ಲಿ ಕೇಳ್ದೆ,” ಎಂದ ಅಜ್ಜ.

“ಶೂ ಬಣ್ಣನೂ ಹೇಳಿದ್ರಾ ರೇಡಿಯೋದಲ್ಲಿ?”

ಅಜ್ಜ ಎರಡೂ ಕೈ ಮುಂದೆ ಚಾಚಿದ. “ಕರ್ಕೊಂಡು ಹೋಗಪ್ಪ. ಇನ್ನೂ ಕೆದಕ್ಬೇಡ. ಕೆದಕಿದ್ರೆ ನಿಂಗೇ ಒಳ್ಳೇದಲ್ಲ.”

ಆ ಕೈಗಳನ್ನು ಇನ್ಸ್‌ಪೆಕ್ಟರ್ ಮೆಲ್ಲಗೆ ಮಡಿಲಿಗೆ ಇಳಿಸಿದ. ತಾನು ಮಾಡದ ಕಳ್ಳತನವನ್ನು ಮೈಮೇಲೆ ಎಳೆದುಕೊಳ್ಳುವ ಮನುಷ್ಯ ಯಾರನ್ನೋ ಬೆನ್ನ ಹಿಂದೆ ಇಟ್ಟುಕೊಂಡಿರುತ್ತಾನೆ. ಯಾರನ್ನು ಎಂಬುದು ಅಜ್ಜನನ್ನು ಬಿಟ್ಟರೆ ಗೊತ್ತಿರುವವಳು ಒಬ್ಬಳೇ.

* * *

ಹಾಜರಿ ಅಕ್ಕನ ಕೋಣೆ ಮೆಟ್ಟಿಲುಗಳ ಕೆಳಗೆ ಇತ್ತು. ಸೂರು ಒಂದು ಕಡೆ ಇಳಿಜಾರು, ಎತ್ತರದವರು ಒಳಗೆ ಬಂದರೆ ತಲೆ ತಗ್ಗಿಸಲೇಬೇಕು. ‘ದೊಡ್ಡವರೂ ಇಲ್ಲಿ ಬಗ್ತಾರೆ’ ಎಂದು ಅಕ್ಕ ತಮಾಷೆ ಮಾಡುತ್ತಿದ್ದಳು. ಗೋಡೆಯ ಉದ್ದಕ್ಕೂ ನಂಬರು ಬರೆದ ಕೊಕ್ಕೆಗಳು, ಇನ್ನೂರ ನಲವತ್ತು. ಒಂದೊಂದರಲ್ಲೂ ಒಗೆದು ತೂಗುಹಾಕಿದ ಜಾಕೆಟ್.

ಇವತ್ತು ಅರ್ಧ ಕೊಕ್ಕೆ ಖಾಲಿಯಾಗಿತ್ತು. ಅಕ್ಕ ಜಾಕೆಟ್ಟುಗಳನ್ನು ಮಡಿಸಿ ಚೀಲಕ್ಕೆ ತುಂಬುತ್ತಿದ್ದಳು. ಹೊಸ ಸ್ಟ್ಯಾಂಡು ಎದ್ದ ಮೇಲೆ ಜನರನ್ನು ಒದಗಿಸುವುದಕ್ಕೆ ಒಂದು ಕಂಪನಿ ಬರುತ್ತದೆ. ಕೆಲಸಕ್ಕೆ ಬರುವವರು ಫೋನಿನಲ್ಲೇ ಹಾಜರಿ ಒತ್ತುತ್ತಾರೆ. ಯಾರಿಗೂ ಸ್ವಂತದ್ದೊಂದು ನಂಬರಾಗಲಿ ಕೊಕ್ಕೆಯಾಗಲಿ ಇರುವುದಿಲ್ಲ.

“ಬಂದ್ಯಾ ಅರವತ್ಮೂರು,” ಎಂದಳು, ತಿರುಗಿ ನೋಡದೆ.

ನಿನ್ನೆಯಿಂದ ಎಲ್ಲರ ಮುಂದೆ ಅವನನ್ನು ಇನ್ಸ್‌ಪೆಕ್ಟ್ರೇ ಎಂದು ಕರೆದಿದ್ದವಳು, ಈಗ ಒಬ್ಬನೇ ಬಂದಿದ್ದಾನೆಂದು ಹೆಜ್ಜೆಯಲ್ಲೇ ತಿಳಿದಿದ್ದಳು.  ಅರವತ್ತಮೂರು ಬಿಟ್ಟ ಮೇಲೆ ಅವನು ಏನೇನೋ ಆದ, ಹೆಗಲ ಮೇಲೆ ನಕ್ಷತ್ರ ಬಂತು, ಸೆಲ್ಯೂಟು ಬಂತು. ಆದರೆ ಇಲ್ಲಿ ಕಿತ್ತಳೆ ಜಾಕೆಟ್ ತೊಟ್ಟು ನಿಂತಾಗಿನಷ್ಟು ಸುಖವಾಗಿ ಮತ್ತೆಂದೂ ಇರಲಿಲ್ಲ.

ಮೊದಲನೆಯ ದಿನ ಇದೇ ಕೋಣೆಯ ಹೊರಗೆ ನಲವತ್ತು ಹೊಸಬರನ್ನು ಸಾಲಾಗಿ ನಿಲ್ಲಿಸಿ ಅಕ್ಕ ಕೇಳಿದ್ದ ಒಂದೇ ಪ್ರಶ್ನೆ: “ಶೌಚಾಲಯ ಎಲ್ಲಿದೆ?” ಒಬ್ಬರಿಗೂ ಗೊತ್ತಿರಲಿಲ್ಲ. “ಆಟದ ನಿಯಮ ಗೊತ್ತಿಲ್ದಿದ್ರೂ ನಡೆಯುತ್ತೆ. ಇದು ಗೊತ್ತಿಲ್ದಿದ್ರೆ ನಡೆಯಲ್ಲ. ಹತ್ತರಲ್ಲಿ ಒಂಬತ್ತು ಜನ ನಿಮ್ಮನ್ನ ಕೇಳೋದು ಅದೊಂದೇ.” ಎಲ್ಲರನ್ನೂ ಕರೆದುಕೊಂಡು ಹೋಗಿ ಏಳೂ ಶೌಚಾಲಯಗಳನ್ನು ತೋರಿಸಿದ್ದಳು, ಊರು ತೋರಿಸುವವರ ಹಾಗೆ.

ಯಾರನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಅವಳಿಗೆ ಕರತಲಾಮಲಕ. ಬಾಯಾಳಿಗಳನ್ನು ವಾಹನ ನಿಲ್ಲಿಸುವ ಕಡೆ ಹಾಕುತ್ತಿದ್ದಳು, ಕೂಗಿ ಕೂಗಿ ಸಂಜೆಗೆ ತಣ್ಣಗಾಗಲಿ ಎಂದು. ಮುಂಗೋಪಿಗಳಿಗೆ ಮಕ್ಕಳು ಕೂರುವ ಸಾಲು, ಮಕ್ಕಳ ಮುಂದೆ ಯಾರ ಕೋಪವೂ ನಿಲ್ಲುವುದಿಲ್ಲ ಎಂದು. ಹಂಗಾಮು ಶುರುವಾಗುವ ಮುಂಚೆ ಒಬ್ಬೊಬ್ಬರಿಗೂ ಅವಳೇ ಫೋನು ಮಾಡುತ್ತಿದ್ದಳು. “ನಿನ್ನ ಕೊಕ್ಕೆ ಹಾಗೇ ಇದೆ. ಬರ್ತೀಯಾ?” ಆ ಮಾತಿಗೆ ಬರುವುದಿಲ್ಲ ಎಂದವರನ್ನು ಅವನು ಕಂಡಿರಲಿಲ್ಲ.

ಅಂಥವಳನ್ನು ಈಗ ಅವನು ಪ್ರಶ್ನೆ ಕೇಳಬೇಕಿತ್ತು.

“ಅಕ್ಕ, ನಿನ್ನೆ ಹದಿನೇಳಕ್ಕೆ ಹಾಜರಿ ಹಾಕಿದ್ದು ಮುಖ ನೋಡಿನಾ, ಜಾಕೆಟ್ ನೋಡಿನಾ?”

ಅಕ್ಕನ ಕೈ ಒಂದು ಗಳಿಗೆ ನಿಂತು ಮತ್ತೆ ಮಡಿಸತೊಡಗಿತು. “ಜಾಕೆಟ್ ಹಾಕ್ಕೊಂಡೋರ ಮುಖ ಯಾರು ನೋಡ್ತಾರೆ? ನಿನ್ನ ಮುಖನ ಮೂರು ವರ್ಷದಲ್ಲಿ ಎಷ್ಟು ಜನ ಪ್ರೇಕ್ಷಕರು ನೋಡಿದ್ರು?”

“ಪ್ರೇಕ್ಷಕರ ಮಾತಲ್ಲ. ನೀವು ನೋಡ್ತಿದ್ರಿ.”

ಅವನು ಫೋನನ್ನು ಮೇಜಿನ ಮೇಲಿಟ್ಟ. ಅಕ್ಕ ಕನ್ನಡಕ ಏರಿಸಿ, ಬಗ್ಗಿ, ಬಹಳ ಹೊತ್ತು ನೋಡಿದಳು.

“ನೀನು ಕಂಡುಹಿಡೀತೀಯ ಅಂತ ಗೊತ್ತಿತ್ತು,” ಎಂದಳು. “ಕಂಡುಹಿಡೀದಿರ್ಲಿ ಅಂತ ಆಸೆಪಟ್ಟೆ.”

“ಅಜ್ಜ ಒಳಗೆ ಕೂತು ಆಟ ನೋಡಿದಾನೆ.”

“ನೋಡಿದಾನೆ. ನಾನೇ ಕೂರಿಸ್ದೆ. ಮೂರನೇ ಸಾಲು, ಹೆಂಡ್ತಿ ಜೊತೆ. ಬಿಸಿಲಿಗೆ ಇಬ್ರೂ ಒಂದೇ ಛತ್ರಿ ಹಿಡ್ಕೊಂಡಿದ್ರು.” ಅಕ್ಕನ ದನಿ ಮೆತ್ತಗಾಯಿತು. “ಮೂವತ್ತೊಂದು ವರ್ಷ ಕಣೋ. ಲಕ್ಷಾಂತರ ಜನ ಆಟ ನೋಡ್ಲಿ ಅಂತ ನಾವು ಆಟಕ್ಕೆ ಬೆನ್ನು ಹಾಕಿ ನಿಂತ್ವಿ. ಕೊನೇ ಪಂದ್ಯನಾದ್ರೂ ಒಂದರ್ಧ ನೋಡ್ಲಿ ಅನ್ನಿಸ್ತು. ವಿರಾಮ ಮುಗಿಯೋಷ್ಟರಲ್ಲಿ ಬಾಗಿಲಿಗೆ ವಾಪಸ್ ಬಂದ. ಅಷ್ಟರಲ್ಲಿ ಬಟ್ಟಲು ಹೋಗಿತ್ತು.”

“ಇಷ್ಟೇ ತಾನೆ? ಆಟ ನೋಡೋದು ಅಪರಾಧ ಅಲ್ಲ. ಇದನ್ನೇ ಹೇಳಿದ್ರೆ ಅಜ್ಜ ನಿನ್ನೆನೇ ಮನೆಗೆ ಹೋಗ್ತಿದ್ದ.”

“ಹೇಳಿದ್ರೆ ನೀನು ಇನ್ನೊಂದು ಪ್ರಶ್ನೆ ಕೇಳ್ತೀಯ.”

“ಯಾರು ಬದಲಿ?”

“ಅದೇ ಪ್ರಶ್ನೆ.”

ಅಕ್ಕ ಮತ್ತೊಂದು ಜಾಕೆಟ್ ಕೈಗೆತ್ತಿಕೊಂಡಳು. ಇನ್ಸ್‌ಪೆಕ್ಟರ್ ಅದನ್ನು ಅವಳ ಕೈಯಿಂದ ತೆಗೆದು ಮೇಜಿನ ಮೇಲೆ ಹಾಕಿದ.

“ಅಕ್ಕ, ಸುಳ್ಳು ಹಾಜರಿ ಬರೆದಿದೀರ. ಕಳ್ಳತನದ ಸಾಕ್ಷಿ ಮುಚ್ಚಿಟ್ಟಿದೀರ. ನಿಮ್ಮ ಮೇಲೂ ಕೇಸ್ ಹಾಕ್ಬೇಕಾಗುತ್ತೆ.”

“ಹಾಕು. ಆದ್ರೆ ಆ ದನಿ ನನ್ನ ಹತ್ರ ಬೇಡ. ಆ ದನಿ ಬರೋಕೆ ಮುಂಚಿನಿಂದ ನಿನ್ನ ನೋಡಿದೀನಿ.”

ಅವನು ತಲೆ ತಗ್ಗಿಸಿದ. ಈ ಸಲ ಸೂರಿನ ದೆಸೆಯಿಂದಲ್ಲ.

“ಐದು ಗಂಟೆಗೆ ಅಜ್ಜನ ಕೈಗೆ ಬೇಡಿ ಹಾಕ್ಬೇಕು ಅಕ್ಕ. ಬೇರೆ ಯಾರೂ ಅಲ್ಲ, ನಾನೇ ಹಾಕ್ಬೇಕು. ಅವನ ಬುತ್ತಿಯಲ್ಲಿ ತಿಂದ ಕೈಯಿಂದ. ಆ ಛತ್ರಿ ಹಿಡಿದಿದ್ದ ಅಜ್ಜಿಗೆ ಆಮೇಲೆ ಏನ್ ಹೇಳ್ಲಿ?”

ಅಕ್ಕ ಕುರ್ಚಿಯಲ್ಲಿ ಕುಸಿದು ಕೂತಳು. ಮೇಜಿನ ಕೆಳಗಿನಿಂದ ಅಂಗೈಯಗಲದ ಒಂದು ಪುಸ್ತಕ ತೆಗೆದಳು. ಇದೇ ಬದಲಿ ಪುಸ್ತಕ. ಇಂಥದೊಂದು ಇದೆ ಎಂದು ಎಲ್ಲರೂ ಕೇಳಿದ್ದರು, ಕಂಡವರಿರಲಿಲ್ಲ. ನಿನ್ನೆಯ ಹಾಳೆ ತೆಗೆದು ಅವನ ಮುಂದೆ ತಳ್ಳಿದಳು.

ಒಂದೇ ಸಾಲು. ‘ಹದಿನೇಳಕ್ಕೆ — ಅರವತ್ಮೂರರ ಬದಲಿ.’

ಇನ್ಸ್‌ಪೆಕ್ಟರ್ ಆ ಸಾಲನ್ನು ಎರಡು ಸಲ ಓದಿದ.  ಅರವತ್ತಮೂರಕ್ಕೆ ಮೂರು ಹಂಗಾಮಿನಲ್ಲಿ ಬದಲಿ ಬಂದದ್ದು ಒಂದೇ ದಿನ, ಒಬ್ಬನೇ.

ಅವನ ತಮ್ಮ.

* * *

ಹನ್ನೊಂದು ವರ್ಷದ ಕೆಳಗೆ, ಪೊಲೀಸ್ ಕೆಲಸದ ಪರೀಕ್ಷೆಯೂ ಪಂದ್ಯವೂ ಒಂದೇ ದಿನ ಬಿದ್ದಿದ್ದವು. ‘ನೀನು ಹೋಗಣ್ಣ, ನಾನು ನಿಂತ್ಕೋತೀನಿ’ ಎಂದು ತಮ್ಮ ಜಾಕೆಟ್ ಹಾಕಿಕೊಂಡು ಎಡಗಂಟು ಕಟ್ಟಿದ. ನಾಲ್ಕನೆಯ ಗೇಟು. ಆಟ ಶುರುವಾದ ಮೇಲೆ ತಡವಾಗಿ ಬಂದ ಗುಂಪು ನುಗ್ಗಿತು. ಹೊಸಬ, ಹೆದರಿ ಗೇಟಿನ ಅಗುಳಿ ತೆಗೆದುಬಿಟ್ಟ. ನೂಕುನುಗ್ಗಲಿನಲ್ಲಿ ಒಬ್ಬ ಹೆಂಗಸಿನ ಕಾಲು ಮುರಿಯಿತು.

ಮಾರನೆಯ ದಿನ ವಿಚಾರಣೆ ನಡೆದದ್ದು ಇದೇ ಮೇಜಿನ ಸುತ್ತ. ಇದ್ದವರು ನಾಲ್ಕೇ ಜನ: ಅಕ್ಕ, ಅಣ್ಣ, ತಮ್ಮ, ಮತ್ತೆ ಹೇಳಿಕೆ ಬರೆದುಕೊಳ್ಳಲು ಕೂತ ಕ್ಲಬ್ಬಿನ ಗುಮಾಸ್ತರು. ಆ ಗುಮಾಸ್ತರೇ ಮೆಟ್ಟಿಲು ಹತ್ತುತ್ತ ಹತ್ತುತ್ತ ಇಂದಿನ ಕಾರ್ಯದರ್ಶಿಯಾಗಿದ್ದರು.

ಪುಸ್ತಕದಲ್ಲಿ ಅರವತ್ತಮೂರು ಹಾಜರ್ ಎಂದಿತ್ತು. ತಪ್ಪು ಅರವತ್ತಮೂರರದಾದರೆ ಪೊಲೀಸ್ ಕೆಲಸದ ಆಸೆ ಅಲ್ಲಿಗೆ ಮುಗಿಯುತ್ತಿತ್ತು. ಇನ್ನೂ ಯಾರೂ ಏನೂ ಕೇಳಿರಲಿಲ್ಲ. ಅವನೇ ಬಾಯಿಬಿಟ್ಟ. “ನಿನ್ನೆ ನಿಂತಿದ್ದು ನಾನಲ್ಲ. ನನ್ನ ತಮ್ಮ.”

ಹೇಳಿದ್ದು ನಿಜವೇ. ನಿಜ ಹೇಳಿ ಅಷ್ಟು ನಾಚಿಕೆಪಟ್ಟದ್ದು ಅವನ ಬದುಕಿನಲ್ಲಿ ಅದೊಂದೇ ಸಲ. ತಮ್ಮ ಅವನ ಮುಖ ನೋಡಿ, ಹೌದು ಎಂದು ತಲೆಯಾಡಿಸಿದ್ದ. ಮೈದಾನಕ್ಕೆ ಮತ್ತೆ ಕಾಲಿಡಬೇಡ ಎಂದರು. ಕ್ಲಬ್ಬಿನ ಮಾನ ಹೋಗಬಾರದೆಂದು ಅರವತ್ತಮೂರಕ್ಕೆ ಬದಲಿ ಬಂದಿದ್ದ ವಿಷಯವನ್ನು ಅಲ್ಲೇ ಹೂತರು. ಉಳಿದ ಕೆಲಸದವರಿಗೆಲ್ಲ, ಗೇಟು ತಾನಾಗಿ ಮುರಿಯಿತು ಎಂದಷ್ಟೇ ಗೊತ್ತಾಯಿತು. ವಾರದೊಳಗೆ ತಮ್ಮ ಮನೆ ಬಿಟ್ಟು ಹೋದ. ಅಮ್ಮ ಇವತ್ತಿಗೂ ಅನ್ನಕ್ಕೆ ಅಕ್ಕಿ ಹಾಕುವಾಗ ಒಂದು ಹಿಡಿ ಹೆಚ್ಚು ಹಾಕುತ್ತಾಳೆ.

“ಅವನನ್ನ ನೀವು ಕರೆದ್ರಾ ಅಕ್ಕ?”

“ಎಲ್ಲಿದಾನೆ ಅಂತ ಗೊತ್ತಿದ್ರೆ ತಾನೆ ಕರೆಯೋದು? ಅಜ್ಜನ ಬಾಗಿಲಿಗೆ ಒಂದರ್ಧ ಹೊತ್ತಿಗೆ ಒಬ್ಬರು ಬೇಕು ಅಂತ ಹಳಬರಿಗೆಲ್ಲ ಹೇಳಿಟ್ಟಿದ್ದೆ, ಮಾತು ಎಲ್ಲೆಲ್ಲಿಗೆ ಹಬ್ಬಿತೋ. ನಿನ್ನೆ ಬೆಳಗ್ಗೆ ಈ ಮೇಜಿನ ಫೋನಿಗೆ ಒಂದು ಕರೆ ಬಂತು. ‘ಅಕ್ಕ, ಅರವತ್ಮೂರರ ಬದಲಿ ಮಾತಾಡ್ತಿದೀನಿ. ನಾನು ನಿಂತ್ಕೋತೀನಿ’ ಅಂದ. ಅಷ್ಟೇ, ಇಟ್ಟುಬಿಟ್ಟ. ನಂಗೆ ಕಣ್ಣಲ್ಲಿ ನೀರು ಬಂತು ಕಣೋ. ಈ ಜಾಗದಿಂದ ನಾನು ಹೊರಗೆ ಕಳಿಸಿದ್ದು ಅವನೊಬ್ಬನನ್ನೇ. ಕೊನೇ ದಿನ ಬರ್ತಾನೆ ಅಂದ್ರೆ ಬೇಡ ಅನ್ಲಾ?”

“ದನಿ ಗುರುತು ಸಿಕ್ತಾ?”

“ಹನ್ನೊಂದು ವರ್ಷ ಆಯ್ತು. ಹೊರಗೆ ಇನ್ನೂರು ಜನದ ಗದ್ದಲ ಬೇರೆ. ಅರವತ್ಮೂರರ ಬದಲಿ ಅಂದ ಮೇಲೆ ಇನ್ಯಾರು?”

“ಮುಖ?”

“ಅಜ್ಜ ಜಾಕೆಟ್ಟನ್ನ ಕೊಕ್ಕೆಗೆ ಹಾಕಿ ಹೋದ, ಇವನು ಬಂದು ತೊಟ್ಕೊಂಡ. ಅವರಿಬ್ರೂ ಮುಖಾಮುಖಿ ಆಗ್ಲಿಲ್ಲ. ನಾನು ಮೇಲಿನ ಮೆಟ್ಟಿಲಿಂದ ಹಿಂದಕ್ಕೆ ಬಗ್ಗಿ ಕಂಡಿದ್ದು ಟೋಪಿ, ಎಡಗಂಟು. ವಿರಾಮದಲ್ಲಿ ಇಳಿದು ಬಂದು ಮಾತಾಡ್ಸೋಣ ಅಂದ್ಕೊಂಡೆ. ಮೊಣಕಾಲು ಕೇಳ್ಬೇಕಲ್ಲ. ಬರೋಷ್ಟರಲ್ಲಿ ಜಾಕೆಟ್ ವಾಪಸ್ ಕೊಕ್ಕೆಯಲ್ಲಿತ್ತು, ಅವನಿರಲಿಲ್ಲ.”

“ಅಜ್ಜನಿಗೆ ಗೊತ್ತಾ?”

“ನಾನೇ ನಿನ್ನೆ ಬೆಳಗ್ಗೆ ಎಲ್ಲ ಹೇಳ್ದೆ, ಸಂತೋಷಕ್ಕೆ. ಅದೇ ಈಗ ಮುಳುವಾಯ್ತು. ‘ಅಷ್ಟು ವರ್ಷದ ಮೇಲೆ ಬಂದವನನ್ನ ಮತ್ತೆ ಅಣ್ಣನ ಕೈಯಲ್ಲೇ ಹಿಡಿಸಲ್ಲ’ ಅಂತ ಹಠ ಹಿಡಿದು ಕೂತಿದಾನೆ. ಅವನ ಹಠ ನೋಡಿ ನನ್ನ ಬಾಯಿಗೂ ಬೀಗ ಬಿತ್ತು.” ಅಕ್ಕ ಸೆರಗಿನಿಂದ ಕನ್ನಡಕ ಒರೆಸಿದಳು. “ಈಗ ಹೇಳು. ನಿಜ ಹೇಳಿದೀನಿ. ಏನ್ ಮಾಡ್ತೀಯ?”

ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅಜ್ಜನನ್ನು ಬಿಡಿಸಬೇಕೆಂದರೆ ತಮ್ಮನನ್ನು ಹಿಡಿಯಬೇಕು. ತಮ್ಮನನ್ನು ಬಿಡಬೇಕೆಂದರೆ ಅಜ್ಜ ಒಳಗೆ ಹೋಗಬೇಕು. ಅದೇ ಮೇಜು, ಅದೇ ಮಾತು ಇನ್ನೊಮ್ಮೆ ಹೇಳಬೇಕು: ನನ್ನ ತಮ್ಮ.

“ಅಜ್ಜ ತಪ್ಪು ಮಾಡಿಲ್ಲ,” ಎಂದ ಇನ್ಸ್‌ಪೆಕ್ಟರ್. ಅವನಿಗೆ ಅಷ್ಟು ಮಾತ್ರ ಸ್ಪಷ್ಟವಿತ್ತು.

ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಪೇದೆ ಬಂಧನದ ಹಾಳೆ ಹಿಡಿದು ನಿಂತಿದ್ದ. ಅವನ ಹಿಂದೆ ಕಾರ್ಯದರ್ಶಿಗಳು, ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಸೂರಿಗೆ ತಲೆ ತಾಗದಂತೆ ರೂಢಿಯಿಂದ ಬಗ್ಗಿ ಒಳಬಂದರು.

“ನಾಲ್ಕೂಮುಕ್ಕಾಲಾಯ್ತು ಇನ್ಸ್‌ಪೆಕ್ಟ್ರೇ. ಪತ್ರಿಕೆಯವರು ಹೊರಗೆ ಬಂದಾಗಿದೆ. ಹೆಸರೊಂದು ತುಂಬಿಸಿಬಿಟ್ರೆ ಎಲ್ರಿಗೂ ನಿರಾಳ.”

“ಬಾಗಿಲಜ್ಜ ಅಲ್ಲ,” ಎಂದ ಇನ್ಸ್‌ಪೆಕ್ಟರ್. “ನಿನ್ನೆ ಆ ಜಾಕೆಟ್ಟಲ್ಲಿದ್ದಿದ್ದು ಬೇರೆಯವನು.”

ಕಾರ್ಯದರ್ಶಿಗಳು ಅಕ್ಕನ ಕಡೆ ನೋಡಿದರು, ಮೇಜಿನ ಮೇಲಿದ್ದ ಪುಟ್ಟ ಪುಸ್ತಕದ ಕಡೆ ನೋಡಿದರು. ಅವರಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ. “ಯಾರಾದ್ರೇನು, ಬರೀರಿ,” ಎಂದು ಜೇಬಿನ ಒಂದು ಪೆನ್ನು ತೆಗೆದುಕೊಟ್ಟರು.

ಇನ್ಸ್‌ಪೆಕ್ಟರ್ ಹಾಳೆಯನ್ನು ಎಳೆದುಕೊಂಡ. ಅಕ್ಕ ಮುಖ ಗೋಡೆಗೆ ತಿರುಗಿಸಿದಳು. ಅವನು ತಮ್ಮನ ಹೆಸರಿನ ಮೊದಲ ಅಕ್ಷರ ಬರೆದ. ಚಿಕ್ಕಂದಿನಲ್ಲಿ ಸ್ಲೇಟಿನ ಮೇಲೆ ಕೈಹಿಡಿದು ಆ ಅಕ್ಷರ ತಿದ್ದಿಸಿದವನೂ ಅವನೇ.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅಮ್ಮ.

“ಎಲ್ಲಿದೀಯೋ? ನಿನ್ನೆ ಬೆಳಗ್ಗೆ ಎಂಟಕ್ಕೆ ಹೋದವನು ಮನೆ ಕಡೆ ತಲೆ ಹಾಕಿಲ್ಲ.”

“ಕೆಲಸದಲ್ಲಿದೀನಿ ಅಮ್ಮ. ಆಮೇಲೆ ಮಾಡ್ತೀನಿ.”

“ಇಡ್ಬೇಡ. ಒಂದು ಮಾತಿದೆ. ಕೂಗಾಡಲ್ಲ ಅಂದ್ರೆ ಹೇಳ್ತೀನಿ.” ಅಮ್ಮ ದನಿ ತಗ್ಗಿಸಿದಳು. “ನಿನ್ನ ತಮ್ಮ ಬಂದಿದಾನೆ.”

ಇನ್ಸ್‌ಪೆಕ್ಟರ್ ಪೆನ್ನು ಹಿಡಿದ ಕೈಯನ್ನು ಮೇಜಿಗೆ ಒತ್ತಿಕೊಂಡ. “ಯಾವಾಗ?”

“ನಿನ್ನೆ, ಹನ್ನೊಂದು ಗಂಟೆಗೆ. ಹೇಳ್ಬೇಡ, ಅಣ್ಣ ತಾನಾಗೇ ಬರ್ಲಿ ಅಂದ. ಅದಕ್ಕೇ ಸುಮ್ನಿದ್ದೆ.”

“ಆಮೇಲೆ ಎಲ್ಲಿಗೆ ಹೋದ? ಮಧ್ಯಾಹ್ನ ಎಲ್ಲಿದ್ದ?”

“ಎಲ್ಲಿಗೆ ಹೋಗ್ತಾನೆ? ಬಂದ ತಕ್ಷಣ ಬಾಗಿಲಿಗೆ ಬೀಗ ಜಡಿದು ಕೀಲಿ ಸೊಂಟಕ್ಕೆ ಸಿಕ್ಕಿಸ್ಕೊಂಡಿದೀನಿ. ಒಂದು ಸಲ ಬಿಟ್ಟಿದ್ದಕ್ಕೆ ಹನ್ನೊಂದು ವರ್ಷ ಆಯ್ತು. ಮಧ್ಯಾಹ್ನ ಎಲ್ರೂ ಟೀವಿ ಮುಂದೆ ಕೂತು ಆಟ ನೋಡಿದ್ವಿ. ಪಕ್ಕದ ಮನೆಯೋರೂ ನಾಲ್ಕು ಜನ ಇದ್ರು, ಬೀಗ ತೆಗೆದು ಒಳಗೆ ಬಿಟ್ಕೊಂಡು ಮತ್ತೆ ಹಾಕ್ದೆ. ಆ ಹಳೇ ಸ್ಟ್ಯಾಂಡು ತೋರಿಸಿದಾಗೆಲ್ಲ ಇವನು ಅಳೋದು. ‘ಅಮ್ಮ, ಒಂದೇ ಒಂದು ಸಲ ಹೋಗಿ ನೋಡ್ಕೊಂಡು ಬರ್ಲಾ’ ಅಂದ. ನಾನು ಬಿಡ್ಲಿಲ್ಲ. ತಪ್ಪಾಯ್ತೇನೋ?”

“ಇಲ್ಲಮ್ಮ,” ಎಂದ ಇನ್ಸ್‌ಪೆಕ್ಟರ್. ಅವನ ಕಣ್ಣು ತುಂಬಿ ಬಂದಿತ್ತು. “ತಪ್ಪಾಗ್ಲಿಲ್ಲ. ಬೀಗ ಹಾಗೇ ಇರ್ಲಿ.”

ಫೋನಿಟ್ಟ. ಹಾಳೆಯ ಮೇಲೆ ಒಂದೇ ಅಕ್ಷರ ಒಣಗುತ್ತಿತ್ತು.

ಹಾಗಾದರೆ ನಿನ್ನೆ ಆ ಜಾಕೆಟ್ ತೊಟ್ಟು ನಿಂತದ್ದು ತಮ್ಮನಲ್ಲ, ಅಕ್ಕನಿಗೆ ಫೋನು ಮಾಡಿದ್ದೂ ಅವನಲ್ಲ. ಅರವತ್ತಮೂರಕ್ಕೆ ಬದಲಿ ಇದ್ದನೆಂದು ಆ ವಿಚಾರಣೆಯ ದಿನದಿಂದ ಗೊತ್ತಿದ್ದವರು ನಾಲ್ಕೇ ಜನ. ಒಬ್ಬ ತಾನು. ಒಬ್ಬಳು ಅಕ್ಕ. ಒಬ್ಬ ನಿನ್ನೆ ಹನ್ನೊಂದರಿಂದ ಅಮ್ಮನ ಬೀಗದೊಳಗೆ ಇದ್ದಾನೆ.

“ಯಾಕೆ ನಿಲ್ಲಿಸಿದ್ರಿ ಇನ್ಸ್‌ಪೆಕ್ಟ್ರೇ?” ಎಂದು ಕಾರ್ಯದರ್ಶಿಗಳು ಮೇಜಿನ ಮೇಲೆ ಬಗ್ಗಿ, ಇನ್ನೂ ಎರಡನೆಯ ಅಕ್ಷರ ಬೀಳದ ಆ ಹೆಸರನ್ನು ತಾವೇ ಪೂರ್ತಿಯಾಗಿ ಓದಿದರು. “ಅವನೇ ತಾನೆ? ಬರೆದು ಮುಗಿಸಿ.”